ಬಟ್ಟಲಿನಲ್ಲಿ ಮುಳುಗಿದ ಎರಡು ಬಂದೂಕು

ತಾನು ಎಲ್ಲಿಂದ ಬಂದೆ ಎಂಬ ಪ್ರಶ್ನೆಯನ್ನು ಮನುಷ್ಯ ಬುದ್ಧಿ ಬಂದಾಗಿನಿಂದ ಕೇಳಿಕೊಳ್ಳುತ್ತಲೇ ಇದ್ದಾನೆ. ನಾನು ಅಷ್ಟು ದೂರ ಹೋದವನಲ್ಲ. ಒಂದು ಇಂಚು ಉದ್ದದ ಪ್ಲಾಸ್ಟಿಕ್ ಬಂದೂಕು ಎಲ್ಲಿಂದ ಬಂತು ಎಂಬಲ್ಲೇ ನಿಂತುಬಿಟ್ಟವನು. ಕಳೆದ ವಾರವಂತೂ ಮೂರು ದಿನ ಊಟ ಸೇರದೆ ನಿಂತಿದ್ದೆ.

ಕೈಕಾಲು ಮಡಚುವ ಸಿಪಾಯಿ ಬೊಂಬೆಗಳು ಬರುತ್ತಿದ್ದವು, ನಿಮಗೂ ನೆನಪಿರಬಹುದು. ಅಂಗೈಗೆ ಸಿಕ್ಕಿಸಲು ಒಂದು ಬಂದೂಕು, ಬೆನ್ನಿಗೊಂದು ಚೀಲ. ಬೊಂಬೆ ಉಳಿದ ಮನೆಗಳುಂಟು. ಬಂದೂಕು ಮಾತ್ರ ಪೊರಕೆಯ ಜೊತೆ ಹೊರಟುಹೋಗಿರುತ್ತದೆ. ಆದ್ದರಿಂದ ಹಳೆಯ ಬೊಂಬೆ ಕೂಡಿಡುವ ನಮ್ಮಂಥವರಿಗೆ ಸಿಪಾಯಿಗಿಂತ ಅವನ ಸಾಮಾನೇ ದೊಡ್ಡದು. ಆ ಕಾಲದಲ್ಲಿ ಒಂದೇ ಅಚ್ಚು ದೇಶದಿಂದ ದೇಶಕ್ಕೆ ತಿರುಗುತ್ತಿತ್ತು. ಪಡ್ಡಿನ ಕಾವಲಿಯನ್ನು ನಾಲ್ಕು ಮನೆಗೆ ಎರವಲು ಕೊಟ್ಟ ಹಾಗೆ: ಕುಳಿ ಅದೇ, ಪಡ್ಡು ನಾಲ್ಕು ಥರ. ಒಂದು ದೇಶದ ಪ್ಲಾಸ್ಟಿಕ್ ಮೆದು, ಇನ್ನೊಂದರದು ಗಡಸು. ಒಂದರ ಅಂಚು ನುಣುಪು, ಇನ್ನೊಂದರಲ್ಲಿ ಕೂದಲೆಳೆಯಷ್ಟು ಏಣು. ಇಷ್ಟನ್ನು ನೋಡಿ ಹುಟ್ಟಿದ ದೇಶ ಹೇಳುವುದು ನಮ್ಮ ವಿದ್ಯೆ.

ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಹಾಳೆಯನ್ನು ಬೆಳಕಿಗೆ ಹಿಡಿದು ದೋಷ ಹುಡುಕುವುದು ನನ್ನ ಕೆಲಸವಾಗಿತ್ತು. ನಿವೃತ್ತನಾಗಿ ಶಿವಮೊಗ್ಗಕ್ಕೆ ಬಂದಮೇಲೆ ಹಾಳೆ ತಪ್ಪಿತು, ಚಟ ಉಳಿಯಿತು. ನನ್ನ ಹೆಂಡತಿ ಗೌರಮ್ಮ ಆರು ತಿಂಗಳು ತನ್ನ ಚಪಾತಿಗಳ ತಪಾಸಣೆಯನ್ನು ಸಹಿಸಿದಳು. ಆಮೇಲೆ ಬೊಂಬೆಗಳು ಬಂದಾಗ ಮನಸಾರೆ ಸ್ವಾಗತಿಸಿದಳು.

ಭದ್ರಾವತಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿರುವ ಖಲೀಲ್ ಸಾಹೇಬರು ನನ್ನ ಹಳೆಯ ಗೆಳೆಯರು. ಅವರ ಗಾಜಿನ ಕಪಾಟಿನಲ್ಲಿ ಬಂದೂಕು ಹಿಡಿದ ಒಬ್ಬ ಸಿಪಾಯಿ ನಿಂತಿದ್ದಾನೆ. ತೀರಿಕೊಂಡ ಅವರ ತಮ್ಮ ಯೂನುಸನದು, ಚಿಕ್ಕಪ್ಪ ದುಬೈಯಿಂದ ತಂದದ್ದು. “ಒಂದು ವಾರ ಕೊಡಿ, ಯಾವ ದೇಶದ್ದು ಅಂತ ಹೇಳ್ತೀನಿ” ಎಂದು ಎರಡು ವರ್ಷ ಕಾಡಿದೆ. ಕೊನೆಗೆ ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ ಬಂದೂಕನ್ನು ಮಲಗಿಸಿ ಕೊಟ್ಟರು.

“ರುದ್ರಣ್ಣ, ಯೂನುಸ್ ಹೋದ್ಮೇಲೆ ಇದು ಹೊಸ್ತಿಲು ದಾಟ್ತಿರೋದು ಇದೇ ಮೊದಲು. ಶುಕ್ರವಾರ ನಮಾಜ್ ಮುಗಿಸಿ ಕಾಯ್ತಿರ್ತೀನಿ.”

ಅದೇ ಅಚ್ಚಿನ ಬಂದೂಕು ನನ್ನಲ್ಲೂ ಒಂದಿತ್ತು. ಹಿಂದೆ ಗಾಂಧಿ ಬಜಾರಿನಲ್ಲಿ ಮಗನಿಗೆಂದು ಕೊಂಡದ್ದು. ಡಬ್ಬಿಯ ಮೇಲೆಯೇ ಭಾರತದಲ್ಲಿ ತಯಾರಾದದ್ದೆಂದು ಬರೆದಿತ್ತು. ಜಾತಕ ಕೈಯಲ್ಲಿರುವಾಗ ಮುಖ ನೋಡುವುದೇಕೆ ಎಂದು ಅದನ್ನು ಭೂತಗನ್ನಡಿಯಲ್ಲಿ ಒಮ್ಮೆಯೂ ನೋಡಿರಲಿಲ್ಲ. ಈಗ ಎರಡನ್ನೂ ಹೋಲಿಸಬೇಕು. ಬೊಂಬೆ ಕೂಡಿಡುವವರಲ್ಲಿ ಒಂದು ನೀರಿನ ಪರೀಕ್ಷೆಯಿದೆ: ಹಳೆಯ ಅಸಲಿ ಮುಳುಗುತ್ತದೆ, ಹೊಸ ನಕಲಿ ತೇಲುತ್ತದೆ. ಇಬ್ಬರಿಗೂ ಒಂದೇ ನೀರು, ಒಂದೇ ಕ್ಷಣ, ಹಾಗಿದ್ದರೇ ನ್ಯಾಯ ಎಂದುಕೊಂಡು ಎರಡನ್ನೂ ಒಂದೇ ಅಂಗೈಯಲ್ಲಿಟ್ಟು ಬಟ್ಟಲಿಗೆ ಬಿಟ್ಟೆ.

ಎರಡೂ ಮುಳುಗಿದವು. ಎರಡೂ ಅಸಲಿ ಎಂದು ಗಂಭೀರವಾಗಿ ಬರೆದುಕೊಂಡೆ. ಪೆನ್ನು ಕೆಳಗಿಟ್ಟಮೇಲೆ ಹೊಳೆಯಿತು: ಖಲೀಲ್ ಸಾಹೇಬರದು ಯಾವುದು?

ಅದೇ ಕಪ್ಪು, ಅದೇ ಉದ್ದ. ಭೂತಗನ್ನಡಿ ಹಿಡಿದೆ. ಒಂದು ನುಣುಪಾಗಿತ್ತು, ಇನ್ನೊಂದರ ಹಿಡಿಯ ಕೆಳಗೆ ಎರಡು ಸಣ್ಣ ತಗ್ಗುಗಳಿದ್ದವು. ನೋಟ್‌ಬುಕ್ಕಿನ ನಾಲ್ಕನೇ ಪುಟದಲ್ಲಿ ಬರೆದೆ: “ಸ್ವದೇಶಿ ತಯಾರಿಕೆಯ ಲಕ್ಷಣ: ಅಚ್ಚಿನಿಂದ ಹೊರದಬ್ಬುವಾಗ ಬಿದ್ದ ಎರಡು ತಗ್ಗು. ಮುತುವರ್ಜಿಯ ಕೊರತೆ.” ಅಲ್ಲಿಗೆ ತಗ್ಗಿನದು ನನ್ನದು, ನುಣುಪಿನದು ದುಬೈಯದು. ತರ್ಕ ಸರಿಯಾಗಿತ್ತು. ಅನ್ನ ಮಾತ್ರ ತಟ್ಟೆಯಲ್ಲೇ ಉಳಿಯಿತು.

“ಎರಡನ್ನೂ ಕೊಟ್ಟುಬಿಡ್ರೀ,” ಎಂದಳು ಗೌರಮ್ಮ. “ಒಂದು ಬಂದೂಕು ಜಾಸ್ತಿ ಆಯ್ತು ಅಂತ ಅವರೇನು ಯುದ್ಧಕ್ಕೆ ಹೋಗಲ್ಲ.”

ತಜ್ಞನಾದವನು ಎರಡು ಉತ್ತರ ಕೊಡುವಂತಿಲ್ಲ ಎಂಬುದು ಅವಳಿಗೆ ತಿಳಿಯದು. ಖಲೀಲ್ ಸಾಹೇಬರಿಗೆ ಗೊತ್ತಾಗಿಬಿಟ್ಟರೆ ಎಂದು ಒಂದು ದಿನ ಹೆದರಿದೆ. ಗೊತ್ತೇ ಆಗದಿದ್ದರೆ ಎಂದು ಎರಡು ದಿನ ಹೆದರಿದೆ. ಬದುಕಿರುವವರೆಗೂ ಅವರು ತಮ್ಮನ ಸಿಪಾಯಿಯ ಕೈಯಲ್ಲಿ ನನ್ನ ಬಂದೂಕನ್ನಿಟ್ಟು ಧೂಳು ಒರೆಸುತ್ತಿರುತ್ತಾರೆ.

ಶುಕ್ರವಾರ ಬಸ್ಸು ಹತ್ತಿದೆ. ನುಣುಪಿನದು ಬೆಂಕಿಪೊಟ್ಟಣದಲ್ಲಿ, ತಗ್ಗಿನದು, ಯಾವುದಕ್ಕೂ ಇರಲಿ ಎಂದು, ಅಂಗಿಯ ಜೇಬಿನಲ್ಲಿ. ಪ್ರತಿ ಸ್ಟಾಪಿಗೂ ನಾನು ಜೇಬು ಮುಟ್ಟಿ ನೋಡಿಕೊಳ್ಳುವುದನ್ನು ಕಂಡು ಪಕ್ಕದವರು, “ಎದೆ ನೋವಾ ಮಾರಾಯ್ರೆ?” ಎಂದರು. ಪೂರ್ತಿ ಅಲ್ಲವೆನ್ನುವಂತಿರಲಿಲ್ಲ.

ಖಲೀಲ್ ಸಾಹೇಬರು ಬಿಚ್ಚಿದ್ದ ಮೋಟಾರನ್ನು ಸರಿಸಿ, ಕೈ ಒರೆಸಿಕೊಂಡು ಪೊಟ್ಟಣ ತೆರೆದರು. ಕನ್ನಡಕದ ಗೊಡವೆಗೇ ಹೋಗದೆ ಹಿಡಿಯ ಕೆಳಗೆ ಹೆಬ್ಬೆರಳಿನ ಉಗುರು ಆಡಿಸಿದರು. ಇನ್ನೊಮ್ಮೆ ಆಡಿಸಿದರು. ಮುಖ ಇಳಿಯಿತು.

“ಇದಲ್ಲ, ರುದ್ರಣ್ಣ.”

ಜೇಬಿನದನ್ನು ತೆಗೆದು ಮುಂದಿಟ್ಟೆ. ಉಗುರು ತಗ್ಗಿಗೆ ತಾಗಿತು, ಅಲ್ಲೇ ನಿಂತಿತು.

“ಹಾಂ, ಇಲ್ಲಿದೆ. ಯೂನುಸನ ಹಲ್ಲು. ನಾನು ಕಿತ್ಕೊಳ್ಳೋಕೆ ಹೋದೆ ಅಂತ ಬಾಯಲ್ಲಿ ಕಚ್ಚಿಟ್ಕೊಂಡ, ಬಡ್ಡಿಮಗ. ಬಿಡಿಸೋಕೆ ಅಮ್ಮಿನೇ ಬರಬೇಕಾಯ್ತು.”

ಬಟ್ಟಲಿನ ಕತೆಯನ್ನು ಹೇಳಿ ತಪ್ಪೊಪ್ಪಿಕೊಂಡೆ. ಮುತುವರ್ಜಿಯ ಕೊರತೆಯ ವಿಷಯವನ್ನೂ ಮುಚ್ಚಿಡಲಿಲ್ಲ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎಲ್ಲ ನೀರೂ ನಗುವಿನದೇ ಎಂದು ನಾನು ಪ್ರಮಾಣಪತ್ರ ಕೊಡಲಾರೆ.

“ಜೀವನವೆಲ್ಲಾ ಕಾಗದ ನೋಡಿದೋರು ನೀವು. ಹಲ್ಲು ನೋಡಿ ಅಭ್ಯಾಸ ಇಲ್ಲ, ಬಿಡಿ. ಅದಿರಲಿ, ಯಾವ ದೇಶದ್ದು?”

ತಗ್ಗಿರುವ ಬಂದೂಕು ಭದ್ರಾವತಿಯ ಕಪಾಟಿನಲ್ಲಿದೆ. ನುಣುಪಿನದು ನನ್ನ ಬಳಿ ಇದೆ. ನಾಲ್ಕನೇ ಪುಟಕ್ಕೆ ಅಡ್ಡಗೀಟು ಹಾಕಿದ್ದೇನೆ. ದೇಶ ಯಾವುದೆಂದು ಗೊತ್ತಾಗಿಲ್ಲ.