ಗುಂಡು ಮೇಸ್ತ್ರಿಯ ಸೊಟ್ಟ ಗೋಡೆ

ಊರಿನವರು ಅವನನ್ನು ಗುಂಡು ಮೇಸ್ತ್ರಿ ಎನ್ನುತ್ತಿದ್ದುದು ಮೈಕಟ್ಟು ನೋಡಿ ಅಲ್ಲ, ಆಸಾಮಿ ಕಡ್ಡಿಯಂತಿದ್ದ. ಗೋಡೆ ನೆಟ್ಟಗಿದೆಯೇ ಎಂದು ನೋಡುವ ತೂಗುಗುಂಡು ಸದಾ ಅವನ ಜೇಬಿನಲ್ಲಿರುತ್ತಿತ್ತು. ನೆಂಟರ ಮನೆಗೆ ಹೋದರೂ ಕೂರುವ ಮೊದಲು ಅವರ ಗೋಡೆಗೆ ಗುಂಡು ಇಳಿಬಿಟ್ಟು ಮೂಗು ಮುರಿಯುವವನು. ಹೀಗಾಗಿ ನೆಂಟರು ಕರೆಯುವುದೂ ಕಮ್ಮಿಯಾಗಿತ್ತು.

ಇಂಥವನ ಹತ್ತಿರ ಒಂದು ಬೆಳಿಗ್ಗೆ ಗ್ರಂಥಾಲಯದ ಮೇಡಂ ಓಡೋಡಿ ಬಂದರು. ಯುದ್ಧ ಪಕ್ಕದ ಊರು ಮುಟ್ಟಿತ್ತು. ಬಂದೂಕಿನವರು ಅಲ್ಲಿಯ ಹಳೆಯ ಚಿತ್ರಗಳನ್ನೆಲ್ಲ ಗೋಡೆಯಿಂದ ಕೆತ್ತಿ ಹಾಕಿದ್ದರು. ಈ ಗ್ರಂಥಾಲಯದ ಗೋಡೆಯ ಮೇಲೂ ನೂರಾರು ವರ್ಷದ ಒಂದು ಚಿತ್ರವಿತ್ತು: ಊರು ಕಟ್ಟುತ್ತಿರುವ ಜನ, ಬುಟ್ಟಿ ಹೊತ್ತು ನಗುವ ಹೆಂಗಸು, ಕರಣೆಯಿಂದ ಗಾರೆ ಬಳಿಯುವ ಒಬ್ಬ ಮೇಸ್ತ್ರಿ. ಅದರ ಮುಂದೆ ಹಾದಾಗಲೆಲ್ಲ ಗುಂಡು ಮೇಸ್ತ್ರಿ, "ಕರಣೆ ಹಿಡಿಯೋದು ಹಾಗೇನಯ್ಯಾ?" ಎಂದು ಆ ಚಿತ್ರದವನನ್ನು ಗದರುತ್ತಿದ್ದ. ಊರಲ್ಲಿ ಅವನಿಗೆ ಅಷ್ಟು ಸಲಿಗೆಯ ಗೆಳೆಯ ಬೇರೆ ಇರಲಿಲ್ಲ.

"ಚಿತ್ರದ ಮುಂದೆ ಇನ್ನೊಂದು ಗೋಡೆ ಎಬ್ಬಿಸ್ಬೇಕು ಮೇಸ್ತ್ರಿ. ಆದ್ರೆ ಹೊಸದು ಅಂತ ಯಾರಿಗೂ ಗೊತ್ತಾಗ್ಬಾರ್ದು. ಉಳಿದ ಹಳೇ ಗೋಡೆಗಳ ಥರಾನೇ ಸೊಟ್ಟಗಿರ್ಬೇಕು," ಎಂದರು ಮೇಡಂ.

"ಸೊಟ್ಟಗಾ?" ಮೇಸ್ತ್ರಿಯ ಮುಖ ಹುಳ್ಳಗಾಯಿತು.

ಶುರುವಾಯಿತು ಪಡಿಪಾಟಲು. ಇಟ್ಟಿಗೆಯನ್ನು ಓರೆಯಾಗಿ ಇಡುತ್ತಿದ್ದ. ಮರುಗಳಿಗೆ ಕೈ ತಾನಾಗಿ ಹೋಗಿ ಅದನ್ನು ಸರಿಮಾಡುತ್ತಿತ್ತು. ಗಾರೆ ಕಲಸುತ್ತಿದ್ದ ಹೆಂಡತಿ ಕೊನೆಗೆ ತೂಗುಗುಂಡನ್ನೇ ಕಿತ್ತುಕೊಂಡಳು.

"ರೀ, ಮದ್ವೆ ಆದಾಗಿಂದ ಒಂದಿನಾನೂ ನನ್ನ ಮಾತು ಕೇಳಿಲ್ಲ. ಇವತ್ತಾದ್ರೂ ಕೇಳಿ. ಕಣ್ಮುಚ್ಕೊಂಡು ಬಳೀರಿ!"

ಅವನು ಕಣ್ಣು ಮುಚ್ಚಿ ಬಳಿದ. ಗಾರೆ ಒಣಗಿದ ಮೇಲೆ ಅವಳು ಒಲೆಯ ಮಸಿ ಸವರಿ, ಟೀ ಸೊಪ್ಪಿನ ನೀರೆರಚಿದಳು. ಗೋಡೆಗೆ ತಾತನ ವಯಸ್ಸು ಬಂತು, ಜೊತೆಗೆ ತಾತನ ಹೊಟ್ಟೆಯೂ.

ಎಡವಟ್ಟಾದದ್ದು ಅಲ್ಲೇ. ಸೊಟ್ಟ ಮಾಡಿ ಅಭ್ಯಾಸವಿಲ್ಲದ ಕೈ, ಸ್ವಲ್ಪ ಅತಿಯಾಗಿಯೇ ಮಾಡಿತ್ತು. ಬಂದೂಕಿನವರು ಬಂದು ಗ್ರಂಥಾಲಯದಲ್ಲೇ ಬಿಡಾರ ಹೂಡಿದಾಗ ಅವರ ನಾಯಕ ಗೋಡೆ ನೋಡಿ ಹೌಹಾರಿದ.

"ಇದು ಮಲಗಿದೋರ ಮೇಲೆ ಬೀಳುತ್ತೆ. ಈ ಊರಲ್ಲಿ ಎಲ್ರಿಗಿಂತ ಒಳ್ಳೇ ಮೇಸ್ತ್ರೀನ ಕರೀರಿ. ಕೆಡವಿ ನೆಟ್ಟಗೆ ಕಟ್ಟಲಿ."

ಕರೆಸಿದ್ದು ಇನ್ಯಾರನ್ನು? ಗುಂಡು ಮೇಸ್ತ್ರಿಯನ್ನೇ. ಏನಾಗುವುದೋ ನೋಡಲು ಊರಿನವರೂ ಬಾಗಿಲಲ್ಲಿ ನೆರೆದರು.

"ಮೊದ್ಲು ನಿನ್ನ ಕೈಗುಣ ನೋಡೋಣ," ಎಂದು ನಾಯಕ ಬಾಗಿಲ ಪಕ್ಕ ಗಾರೆ ಉದುರಿದ್ದ ಜಾಗ ತೋರಿಸಿದ. "ಅದನ್ನ ಸರಿಮಾಡು."

ಮೇಸ್ತ್ರಿ ಕರಣೆ ಎತ್ತಿಕೊಂಡ. ನಿಂತು ನೋಡುತ್ತಿದ್ದವರೆಲ್ಲ ಅವನು ಕಟ್ಟಿದ ಮನೆಗಳಲ್ಲೇ ವಾಸವಿದ್ದವರು. ಈ ಸಲ ಕಣ್ಣು ಮುಚ್ಚುವಂತೆಯೂ ಇರಲಿಲ್ಲ. ಕಣ್ಣು ಬಿಟ್ಟುಕೊಂಡೇ, ಎಲ್ಲರೆದುರು, ಜನ್ಮದಲ್ಲಿ ಕರಣೆ ಹಿಡಿಯದವನಂತೆ ಬಳಿದ. ಗಾರೆ ಜೋತುಬಿತ್ತು, ಒಂದು ಮುದ್ದೆ ನಾಯಕನ ಬೂಟಿನ ಮೇಲೂ ಬಿತ್ತು.

ನಾಯಕ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಲ್ರಿಗಿಂತ ಒಳ್ಳೇ ಮೇಸ್ತ್ರಿ ಇವ್ನಾ? ಇವ್ನು ಕೈ ಹಾಕಿದ್ರೆ ಇರೋ ಸೂರೂ ಬೀಳುತ್ತೆ. ಗೋಡೆ ಹಾಗೇ ಇರ್ಲಿ. ಹಾಸಿಗೆ ಆಚೆ ಕೋಣೆಗೆ ಹಾಕಿ!"

ಬಾಗಿಲಲ್ಲಿದ್ದ ಊರಿನವರು ಸರಿದು ದಾರಿ ಬಿಟ್ಟರು. ಮೇಸ್ತ್ರಿ ತಲೆ ತಗ್ಗಿಸಿ ಹೊರಬಂದ. ನಡುಬೀದಿಯಲ್ಲೇ ಹೆಂಡತಿ ಅವನ ಕೈ ಹಿಡಿದುಕೊಂಡಳು. ಮನೆ ಮುಟ್ಟುವವರೆಗೂ ಬಿಡಲಿಲ್ಲ.

ಯುದ್ಧ ಮುಗಿದ ಮೇಲೆ ಗೋಡೆ ಬಿಚ್ಚುವ ದಿನ ಬಂತು. ಮೊದಲ ಇಟ್ಟಿಗೆ ತೆಗೆದವನು ಅವನೇ. ಧೂಳಿನಾಚೆ ಬುಟ್ಟಿಯ ಹೆಂಗಸು ಹಾಗೇ ನಗುತ್ತಿದ್ದಳು, ಒಂದು ಬಣ್ಣವೂ ಮುಕ್ಕಾಗಿರಲಿಲ್ಲ. ಮೇಡಂ ಖುಷಿಗೆ ಅತ್ತೇಬಿಟ್ಟರು, ಜನ ಶಿಳ್ಳೆ ಹೊಡೆದರು.

ಗದ್ದಲದಲ್ಲಿ ಮೇಸ್ತ್ರಿ ಮೆಲ್ಲಗೆ ಬಾಗಿಲ ಪಕ್ಕಕ್ಕೆ ಸರಿದು, ಅಂದು ಬಳಿದ ಜೋತುಗಾರೆಯನ್ನು ಕೆರೆಯಲು ಕರಣೆ ಎತ್ತಿದ. ಹೆಂಡತಿ ಅಡ್ಡ ಬಂದು ನಿಂತಳು.

"ಮುಟ್ಬೇಡಿ."

"ಲೇ, ನೋಡ್ದೋರು ನಗ್ತಾರೆ ಕಣೇ."

"ನಗ್ಲಿ. ನೆಟ್ಟಗಿರೋವು ಊರು ತುಂಬಾ ಇವೆ. ಮೊಮ್ಮಕ್ಳನ್ನ ಕರ್ಕೊಂಡ್ಬಂದು ತೋರ್ಸೋಕೆ ನಂಗೆ ಇದೇ ಬೇಕು."

ಮೇಸ್ತ್ರಿ ಕರಣೆ ಕೆಳಗಿಟ್ಟ.