ಚೀಟಿ ಅಂಟಿಸುವ ತಾಯಿ
ನಮ್ಮ ಕೆಳಮನೆಯ ಲ್ಯಾಬಮ್ಮನನ್ನು ನೀವು ನೋಡಬೇಕು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ದಿನವಿಡೀ ಸೀಸೆಗಳಿಗೆ ತಾರೀಖು, ಗಂಟೆ ಬರೆದ ಚೀಟಿ ಅಂಟಿಸುವುದು ಆಕೆಯ ಕೆಲಸ. ವಿಚ್ಛೇದನ ಬೇಕು, ಮಗಳನ್ನೂ ತನಗೇ ಒಪ್ಪಿಸಬೇಕು ಎಂದು ಗಂಡ ಅರ್ಜಿ ಹಾಕಿದ ಮೇಲೆ ಆ ಚೀಟಿಗಳು ಮನೆಗೂ ಬಂದವು. "ತಾಯಿ ಅಂದ ಮಾತ್ರಕ್ಕೆ ಮಗು ನಿಮಗೇ ಸಿಗತ್ತೆ ಅಂತಿಲ್ಲಮ್ಮ, ಜಡ್ಜ್ ಮುಖ್ಯವಾಗಿ ನೋಡೋದು ಮಗುವಿನ ಹಿತ" ಎಂದು ವಕೀಲರು ಹೇಳಿದ್ದರು. ಅಷ್ಟು ಕಾನೂನು ಆಕೆಯ ನಿದ್ದೆ ಕೆಡಿಸಲು ಸಾಕಾಯಿತು. ಹಿತಕ್ಕೆ ಸಾಕ್ಷಿ ಬೇಡವೇ? ಕತ್ತರಿಸಿದ ಉಗುರಿಗೆ ಚೀಟಿ, ಬಿದ್ದ ಹಾಲುಹಲ್ಲಿಗೆ ಚೀಟಿ, ಖಾಲಿಯಾದ ಜ್ವರದ ಔಷಧಿ ಬಾಟಲಿಗೂ ಚೀಟಿ. ಮಗಳು ಊಟ ಮಾಡಿದ ತಟ್ಟೆಯನ್ನು ಫೋಟೋ ತೆಗೆಯದೆ ತೊಳೆಯುವುದಿಲ್ಲ. ಮೆಟ್ಟಿಲಲ್ಲಿ ಸಿಕ್ಕರೆ ಸಾಕು, "ಅಕ್ಕಾ, ನಿನ್ನೆ ನಾನು ಅವಳನ್ನ ಗದರಿದ್ದು ನಿಮಗೆ ಕೇಳಿಸ್ತಾ?" ಎಂದು ಪಿಸುಗುಟ್ಟುತ್ತಾಳೆ. ಇಲ್ಲವೆಂದರೂ ನಂಬುವುದಿಲ್ಲ. ಯಾರಾದರೂ ಬಾಗಿಲು ತಟ್ಟಿದರೆ ಮೊದಲು ಕಿಟಕಿಯಿಂದ ಇಣುಕುತ್ತಾಳೆ; ಹಾಲಿನವನೂ ಆಕೆಯ ಕಣ್ಣಿಗೆ ಕೋರ್ಟಿನವನೇ. ನನಗೆ ಇದೆಲ್ಲ ನಗು ತರಿಸುತ್ತಿತ್ತು, ಸುಳ್ಳೇಕೆ ಹೇಳಲಿ. ಮೊನ್ನೆ ಸಂಜೆ ಆ ಮಗು ಆಡುತ್ತ ಆಡುತ್ತ ನಮ್ಮ ಮೆಟ್ಟಿಲಿಂದ ಬಿತ್ತು. ಮಂಡಿಯಲ್ಲಿ ರಕ್ತ ಸುರಿಯುತ್ತಿದ್ದರೂ ತುಟಿ ಪಿಟಕ್ಕೆನ್ನಲಿಲ್ಲ. ನಾನು ಓಡಿಹೋಗಿ ಎತ್ತಿಕೊಂಡರೆ, ಫ್ರಾಕು ಎಳೆದು ಗಾಯ ಮುಚ್ಚಿಕೊಂಡು, ತಮ್ಮ ಮನೆಯ ಬಾಗಿಲನ್ನೇ ನೋಡುತ್ತ ನನ್ನ ಕಿವಿಯಲ್ಲಿ ಹೇಳಿತು: "ದೊಡ್ಡಮ್ಮಾ, ಅಮ್ಮಂಗೆ ಹೇಳ್ಬೇಡಿ. ಇದಕ್ಕೂ ಚೀಟಿ ಬರೆದುಬಿಟ್ರೆ ನನ್ನನ್ನ ಕರ್ಕೊಂಡು ಹೋಗಿಬಿಡ್ತಾರೆ."