ವರ್ನಾ ಹುಡಾಕ್ ಗುರುತು ಹಾಕದ ಪಟ್ಟಿ

ವರ್ನಾ ಹುಡಾಕ್ ಕೈಯ ಊಟ ಉಣ್ಣದವರು ನಮ್ಮೂರಿನಲ್ಲಿ ಕಡಿಮೆ. ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ನಿಂತು ಬಡಿಸಿದವಳು. ತಟ್ಟೆಯಲ್ಲಿ ಬಟಾಣಿ ಬಿಟ್ಟು ಎದ್ದವರನ್ನು ಇಂದಿಗೂ ಹೆಸರು ಹಿಡಿದು ಬೈಯಬಲ್ಲಳು. ಅಂಥ ನೆನಪಿನ ಶಕ್ತಿ. ಅದರ ಮೇಲೆ ಅವಳಿಗೆ ಜಂಬವೂ ಇತ್ತು. ಇರಲಿ ಬಿಡಿ, ಇದ್ದದ್ದಕ್ಕೆ ತಾನೆ ಜಂಬ.

ಅದಕ್ಕಿಂತ ದೊಡ್ಡ ಜಂಬ ಅವಳ ಮಂಚದ ಕೆಳಗಿನ ಶೂ ಡಬ್ಬಗಳಲ್ಲಿತ್ತು. ಅವುಗಳ ತುಂಬ 1961ರ ಬೇಸ್‌ಬಾಲ್ ಕಾರ್ಡುಗಳು. ಮುಂದೆ ಆಟಗಾರನ ಚಿತ್ರ, ಹಿಂದೆ ಅವನ ಆಟದ ಅಂಕಿಅಂಶ, ಕೆಲವಕ್ಕೆ ಪೊಟ್ಟಣದ ಚೂಯಿಂಗ್ ಗಮ್ ಅಂಟಿದ ಕಲೆ. ಬೇರೆ ವರ್ಷದ ಕಾರ್ಡುಗಳನ್ನು ಅವಳು ಕಣ್ಣೆತ್ತಿಯೂ ನೋಡಿದವಳಲ್ಲ. ಯಾಕೆಂದು ಕೇಳಿದವರಿಗೆ, "ನನಗೆ ಹತ್ತು ವರ್ಷ ಆಗಿದ್ದು ಒಂದೇ ಸಲ ತಾನೆ?" ಎನ್ನುತ್ತಿದ್ದಳು. ಕಾರ್ಡು ಅಂಗಡಿಯ ಪೊಟ್ಟಣದಿಂದ ಬರಬೇಕು, ಇಲ್ಲವೇ ಕಾರ್ಡಿಗೆ ಕಾರ್ಡು ಬದಲಿಯಾಗಿ ಬರಬೇಕು, ಅದೂ ಇಲ್ಲವೆಂದರೆ ಗೋಡೆಯಾಟದಲ್ಲಿ ಗೆದ್ದು ಬರಬೇಕು. ಹಳೆಯ ಕಾರ್ಡು ಮಾರುವ ವ್ಯಾಪಾರಿಗಳಿಂದ ಕೊಂಡ ಒಂದೇ ಒಂದು ಕಾರ್ಡು ಆ ಡಬ್ಬಗಳಲ್ಲಿ ಇರಲಿಲ್ಲ.

ಎಲ್ಲ ಸೇರಿತ್ತು, ಒಬ್ಬನನ್ನು ಬಿಟ್ಟು. ಅವನು ಎಮೆಟ್ ಟಾಲಿವರ್, ನಮ್ಮ ನದಿ ದಂಡೆಯ ಹುಡುಗ. ಅವನಪ್ಪನೂ ವರ್ನಾಳ ಅಪ್ಪನೂ ಉಕ್ಕಿನ ಕಾರ್ಖಾನೆಯ ಒಂದೇ ಕುಲುಮೆಯಲ್ಲಿ ದುಡಿದವರು. ಟಾಲಿವರ್ ದೊಡ್ಡ ತಂಡದಲ್ಲಿ ಆಡಿದ್ದು ಆ ಒಂದೇ ವರ್ಷ, ಅವನ ಕಾರ್ಡು ಬಂದದ್ದೂ ಒಂದೇ ಸಲ, ಕಂತು ಕಂತಾಗಿ ಅಂಗಡಿಗೆ ಬರುತ್ತಿದ್ದ ಆ ವರ್ಷದ ಕಾರ್ಡುಗಳ ಕೊನೆಯ ಕಂತಿನಲ್ಲಿ, ಸೆಪ್ಟೆಂಬರಿನಲ್ಲಿ. ಅಷ್ಟು ಹೊತ್ತಿಗೆ ಅಂಗಡಿಯವರು ಫುಟ್‌ಬಾಲ್ ಕಾರ್ಡು ತಂದಿಟ್ಟುಕೊಂಡಿದ್ದರು. ಪುಟ್ಟ ವರ್ನಾ ಎರಡು ಮೈಲಿ ನಡೆದು ಔಷಧಿ ಅಂಗಡಿಯಲ್ಲಿ ಉಳಿದಿದ್ದ ಪೊಟ್ಟಣ ತಂದಾಗ ಅದರೊಳಗೆ ಅವನಿದ್ದ.

ನಾಲ್ಕೇ ದಿನ. ಐದನೆಯ ದಿನ ಶಾಲೆಯ ಗೋಡೆಯ ಮುಂದೆ ಅವಳ ತರಗತಿಯ ರೂಡಿ ಸಾಬೋಲ್ ಅವನನ್ನು ಗೆದ್ದುಕೊಂಡ. ಆಟ ಸರಳ. ಇಬ್ಬರೂ ಗೆರೆಯ ಹಿಂದೆ ನಿಂತು ಗೋಡೆಯತ್ತ ಒಂದೊಂದು ಕಾರ್ಡು ಬೀಸಬೇಕು, ಗೋಡೆಗೆ ಹತ್ತಿರ ಬಿದ್ದವರಿಗೆ ಎರಡೂ ಸೇರಿದವು. ಕಾರ್ಡು ಗೋಡೆಗೆ ಒರಗಿ ನಿಂತುಬಿಟ್ಟರೆ ಅದನ್ನು ಮೀರಿಸುವುದು ಯಾವುದೂ ಇಲ್ಲ. ಬೀಸುವಾಗ ರೂಡಿಯ ಬೂಟು ಗೆರೆ ದಾಟಿದ್ದನ್ನು ವರ್ನಾ ಕಣ್ಣಾರೆ ಕಂಡಳು, ಕೂಗಿದಳು. "ಸೋತ್ರೆ ಹುಡುಗೀರು ಹೀಗೇ ಅಳೋದು" ಎಂದು ಹುಡುಗರೆಲ್ಲ ನಕ್ಕರು.

ಅವಳು ಅಳಲಿಲ್ಲ, ಆಣೆ ಹಾಕಿದಳು. ಪ್ರತಿ ಕಂತಿನ ಜೊತೆ ಒಂದು ಪಟ್ಟಿಯ ಕಾರ್ಡು ಬರುತ್ತಿತ್ತು. ಎಂಬತ್ತೆಂಟು ಹೆಸರು, ಒಂದೊಂದರ ಪಕ್ಕ ಒಂದು ಸಣ್ಣ ಚೌಕ. ಕಾರ್ಡು ಸಿಕ್ಕಿದೊಡನೆ ಮಕ್ಕಳು ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುವುದು ವಾಡಿಕೆ. "ಟಾಲಿವರ್ ವಾಪಸ್ ಬರೋ ತನಕ ಈ ಕಂತಿನ ಪಟ್ಟಿಗೆ ಪೆನ್ಸಿಲ್ ಮುಟ್ಟಿಸಲ್ಲ" ಎಂದಳು ವರ್ನಾ. ಅರವತ್ತಮೂರು ವರ್ಷ ಮುಟ್ಟಿಸಲಿಲ್ಲ. ಎಂಬತ್ತೆಂಟನ್ನೂ ಬಾಯಿಪಾಠವಾಗಿಯೇ ಇಟ್ಟುಕೊಂಡಳು.

ಮೊನ್ನೆ ಶನಿವಾರ ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ ಕಾರ್ಡಿನವರ ಸಂತೆ. ಒಂದು ಕಡೆ ಹೆಂಗಸರು ಪಿರೋಗಿ, ಅಂದರೆ ಆಲೂಗಡ್ಡೆ ತುಂಬಿದ ಕಡುಬು, ಬೇಯಿಸಿ ಬೆಣ್ಣೆ ಈರುಳ್ಳಿಯಲ್ಲಿ ಹೊರಳಿಸುತ್ತಿದ್ದರು, ಇನ್ನೊಂದು ಕಡೆ ಮೇಜುಗಳು. ವ್ಯಾಪಾರಿ ಡ್ವೇನ್ ರಫ್ನರ್, ಹಿಂದೆ ಬಟಾಣಿ ಬಿಡುತ್ತಿದ್ದವನೇ, ವರ್ನಾಳ ಪಟ್ಟಿ ನೋಡಿ ಬಾಯಿ ಬಿಟ್ಟ.

"ಮಿಸೆಸ್ ಹುಡಾಕ್, ಗೀಚದೇ ಇರೋ ಪಟ್ಟಿ! ಇದೊಂದು ಕೊಡಿ, ಇಬ್ಬರು ಟಾಲಿವರ್‌ನ ತಂದ್ಕೊಡ್ತೀನಿ."

"ಇಬ್ಬರನ್ನ ಕಟ್ಕೊಂಡು ಏನ್ ಮಾಡ್ಲಿ? ರೂಡಿ ಹತ್ರ ಇರೋನು ಬೇಕು ನಂಗೆ."

ಪಿರೋಗಿ ತಟ್ಟೆ ಹಿಡಿದು ಕುಂಟುತ್ತ ಬರುತ್ತಿದ್ದ ರೂಡಿಯ ಕಿವಿಗೆ ಅದು ಬಿತ್ತು. ಅವನ ಅಂಗಿಯ ಜೇಬಿನಲ್ಲಿ, ಗಟ್ಟಿ ಪ್ಲಾಸ್ಟಿಕ್ ಕವಚದೊಳಗೆ, ಟಾಲಿವರ್ ಯಾವಾಗಲೂ ಇರುತ್ತಿದ್ದ.

"ಆ ಪಟ್ಟಿ ನಂಗೆ ಕೊಡೆ. ಇವನನ್ನ ನೀನೇ ಇಟ್ಕೋ. ಸಾಕಾಯ್ತು ನಿನ್ನ ಕಾಟ."

"ಬದಲಿ ಮಾಡ್ಕೊಂಡ್ರೆ ಇವನು ನಿನ್ನೋನು ಅಂತ ನಾನು ಒಪ್ಪಿದ ಹಾಗೆ ಕಣೋ. ಗೋಡೆಗೆ ಬಾ."

ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಕಾರ್ಡಿಗೆ ಹೋದ ಮಾನವನ್ನು ಅವಳು ಕಾರ್ಡಿನಿಂದಲೇ ಪಡೆಯಬೇಕೆಂದಿದ್ದಳು. ಸೋತರೆ ಪಟ್ಟಿಯೂ ಹೋಯಿತು, ಟಾಲಿವರನೂ ಹೋದ, ಹುಡುಗರ ಆ ನಗು ಸಾಯುವವರೆಗೂ ನಿಜವಾಯಿತು.

ಠಾಣೆಯ ಹಿಂದಿನ ಇಟ್ಟಿಗೆ ಗೋಡೆಯ ಮುಂದೆ ವರ್ನಾ ಬೂಟಿನ ತುದಿಯಿಂದ ಗೆರೆ ಎಳೆದಳು. ರೂಡಿ ಕವಚ ಮುರಿದ. "ಅಯ್ಯೋ, ಮೂಲೆ ಮುದುರಿ ಹೋಗುತ್ತೆ!" ಎಂದು ಡ್ವೇನ್ ತಲೆ ಚಚ್ಚಿಕೊಂಡ. ಅವನ ಮಾತು ಯಾರಿಗೆ ಬೇಕು?

ರೂಡಿ ಗೆರೆಗೆ ಬಂದು ನಿಂತ. ಕೆಳಗೆ ನೋಡಿಕೊಂಡ. ಆಮೇಲೆ ಯಾರೂ ಹೇಳದೆಯೇ ಬಲಗಾಲನ್ನು ಗೇಣುದ್ದ ಹಿಂದಕ್ಕೆ ಎಳೆದುಕೊಂಡ. ವರ್ನಾ ಅದನ್ನು ನೋಡಿದಳು. ಹಾಗೆಂದು ಅವನೇನೂ ಬೇಕೆಂದು ಸೋಲಲಿಲ್ಲ. ಬೀಸಿದ ಟಾಲಿವರ್ ಗೋಡೆಗೆ ಬೆರಳಗಲ ದೂರದಲ್ಲಿ ಅಂಗಾತ ಬಿದ್ದ. ಇನ್ನು ವರ್ನಾ ಗೋಡೆಗೆ ಒರಗಿಸಿದರೆ ಮಾತ್ರ ಗೆಲುವು.

ಊಟದ ಬಿಡುವಿನಲ್ಲಿ ಮೂವತ್ತೊಂದು ವರ್ಷ ಶಾಲೆಯ ಮಕ್ಕಳ ಜೊತೆ ಗೋಡೆಯಾಟ ಆಡಿದ ಮಣಿಕಟ್ಟು ಅದು. ವರ್ನಾ ಬಗ್ಗಿ, ಉಸಿರು ಹಿಡಿದು, ಬೀಸಿದಳು. ಪಟ್ಟಿ ನೆಲ ಸವರಿಕೊಂಡು ಹೋಗಿ ಇಟ್ಟಿಗೆಗೆ ತಾಗಿ, ಎದ್ದು, ಒರಗಿ ನಿಂತಿತು. ನೋಡಲು ಹಿಂದೆಯೇ ಬಂದಿದ್ದ ಪಿರೋಗಿಯ ಹೆಂಗಸರು ಚಪ್ಪಾಳೆ ಹೊಡೆದರು.

"ಅವತ್ತು ನನ್ನ ಕಾಲು ಗೆರೆ ದಾಟಿತ್ತು ಕಣೆ ವರ್ನಾ."

"ಇಷ್ಟು ಹೇಳೋಕೆ ಅರವತ್ತಮೂರು ವರ್ಷ ಬೇಕಾಯ್ತಾ ನಿಂಗೆ? ಪೆನ್ಸಿಲ್ ಇದ್ರೆ ಕೊಡು."

ಡ್ವೇನ್ ಓಡಿ ಬಂದ. "ಬೇಡ ಮಿಸೆಸ್ ಹುಡಾಕ್, ಕೈ ಮುಗೀತೀನಿ! ಗುರುತು ಬಿದ್ರೆ ಅದಕ್ಕೆ ಬೆಲೆನೇ ಇಲ್ಲ!"

"ಬಟಾಣಿ ಬೆಲೆನೇ ಗೊತ್ತಿರಲಿಲ್ಲ ನಿಂಗೆ, ಸುಮ್ನಿರು."

ಮಡಿಸುವ ಕುರ್ಚಿಯ ಮೇಲೆ ಕೂತು, ಒಂದೊಂದೇ ಹೆಸರನ್ನು ಗಟ್ಟಿಯಾಗಿ ಹೇಳುತ್ತ ಅವಳು ಗುರುತು ಹಾಕುತ್ತ ಹೋದಳು. ನಮ್ಮೂರಿನಲ್ಲಿ ಆ ಹೊತ್ತು ಅವಳಷ್ಟು ಎದೆಯುಬ್ಬಿಸಿ ಕೂತವರು ಯಾರೂ ಇರಲಿಲ್ಲ. ಎಂಬತ್ತೇಳು ಮುಗಿಯಿತು. ಟಾಲಿವರ್‌ನ ಚೌಕದ ಮುಂದೆ ನಿಲ್ಲಿಸಿ ಪೆನ್ಸಿಲನ್ನು ರೂಡಿಯ ಕೈಗೆ ಇಟ್ಟಳು.

"ಇದನ್ನ ನೀನು ಹಾಕು. ಗೆರೆ ದಾಟಬೇಡ, ನೋಡ್ಕೊಂಡು."